ತಮ್ಮನ ಬಸ್ ಟಿಕೆಟ್ಟು

ಲಕ್ಷ್ಮೇಶ್ವರದ ಅನ್ನವ್ವನ ಮನೆಯಲ್ಲಿ ಚಹಾ ಕುಡಿದವರು ಸಕ್ಕರೆ ಕಡಿಮೆಯಾಯಿತು ಎಂದು ಹೇಳುವುದಿಲ್ಲ. ಹಿಂದೊಮ್ಮೆ ಹೇಳಿದವರಿಗೆ ಸಿಕ್ಕ ಉತ್ತರ ಓಣಿಗೆಲ್ಲ ಗೊತ್ತಿದೆ. "ಸಕ್ರಿ ಹೆಚ್ಚಾದ್ರ ಚಹಾದ ರುಚಿ ಹೋಗ್ತೈತ್ರಿ. ನೀವು ಚಹಾ ಕುಡಿಯಾಕ ಬಂದೀರೋ, ಸಕ್ರಿ ತಿನ್ನಾಕ ಬಂದೀರೋ?" ಅಂದಿದ್ದಳು. ಅಂದ ಮೇಲೆ ಬಂದವರು ತುಟಿ ಪಿಟ್ಟೆನ್ನದೆ ಕಪ್ಪು ಖಾಲಿ ಮಾಡಿ ಎದ್ದು ಹೋಗುತ್ತಾರೆ.

ಮನೆಯ ಖರ್ಚಿನಲ್ಲಿ ಅವಳ ಕತ್ತರಿ ಓಡದ ಜಾಗವೇ ಇರಲಿಲ್ಲ. ಸಂತೆಗೆ ಎಲ್ಲರೂ ಮುಂಜಾನೆ ಹೋದರೆ ಇವಳು ಸಂತೆ ಏಳುವ ಹೊತ್ತಿಗೆ ಹೋಗುತ್ತಿದ್ದಳು. ಮಾರುವವರಿಗೂ ಊರಿಗೆ ಹೋಗುವ ಅವಸರ, ಉಳಿದ ಬದನೆಕಾಯಿಯನ್ನು ಹೊತ್ತುಕೊಂಡು ಹೋಗುವ ಬೇಸರ. ಚೌಕಾಸಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಇಲ್ಲ. ಸವೆದ ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಮೆತ್ತುತ್ತಿದ್ದಳು. ಹೂವು ಕೊಳ್ಳುವ ಗೊಡವೆ ಬೇಡವೆಂದು ಅಂಗಳದಲ್ಲಿ ಮಲ್ಲಿಗೆ ಬಳ್ಳಿ ಹಬ್ಬಿಸಿದ್ದಳು. ಅವಳ ಗಂಡ ಹೇಮಪ್ಪ ಪೇಟೆಯ ಕಿರಾಣಿ ಅಂಗಡಿಯಲ್ಲಿ ತೂಕ ಮಾಡುವ ಕೆಲಸದವನು. ಅವನು ಹೋಟೆಲ್ಲಿನ ಚಹಾಕ್ಕೆ ದಿನಾ ಹಾಕುತ್ತಿದ್ದ ದುಡ್ಡು ಅನ್ನವ್ವನ ಕಣ್ಣಿಗೆ ಬಿದ್ದ ಮರುದಿನವೇ ಅವನ ಕೈಯಲ್ಲಿ ಒಂದು ಥರ್ಮಾಸು ಬಂತು. ಜೊತೆಯವರು ನಕ್ಕರು. ಹೇಮಪ್ಪನೂ ಅವರ ಜೊತೆಗೆ ನಕ್ಕ. ಆದರೆ ಥರ್ಮಾಸು ಮರೆತು ಹೋದ ದಿನ ಒಂದೂ ಇಲ್ಲ.

ಜಿಪುಣಿ ಎಂದು ಹಿಂದಿನಿಂದ ಅನ್ನುವವರು ಇದ್ದರು. ಅವರಿಗೆ ನನ್ನದೊಂದು ಮಾತು. ಹೊಟ್ಟೆಗೆ, ಔಷಧಕ್ಕೆ, ಮಗನ ಓದಿಗೆ ಅನ್ನವ್ವ ಯಾವತ್ತೂ ಕತ್ತರಿ ಹಾಕಲಿಲ್ಲ. ಹಾಗೆ ಉಳಿಸಿ ಉಳಿಸಿಯೇ ಮಗ ಅರ್ಜುನ ಓದಿ ಹುಬ್ಬಳ್ಳಿಯಲ್ಲಿ ಒಂದು ಗ್ಯಾರೇಜು ಸೇರಿದ್ದು. ತಗಡು ಹೊದ್ದಿದ್ದ ಎರಡು ಖೋಲಿಯ ಮನೆಗೆ ಸ್ಲ್ಯಾಬು ಬಿದ್ದದ್ದು, ಹಿಂದುಗಡೆ ಇನ್ನೊಂದು ಖೋಲಿ ಎದ್ದದ್ದು, ಎಲ್ಲವೂ ಆ ಕಡಿಮೆ ಸಕ್ಕರೆಯ ಚಹಾದಿಂದಲೇ. ಗೃಹಪ್ರವೇಶ ಮಾತ್ರ ಮಾಡಲಿಲ್ಲ. "ನಮ್ಮ ಮನಿಯೊಳಗ ನಾವು ಹೋಗಾಕ ಊರಿಗೆಲ್ಲ ಯಾಕ ಊಟಾ ಹಾಕೂದು?" ಅಂದಳು. ಹೊಸ ಖೋಲಿಯಲ್ಲಿ ಹಾಲು ಉಕ್ಕಿಸಿ, ಗಂಡ ಹೆಂಡತಿ ಕೈಮುಗಿದು ಒಳಗೆ ಹೋದರು. ಅದಕ್ಕೆ ನಕ್ಕವರು ಈಗಲೂ ಬಾಡಿಗೆ ಮನೆಯಲ್ಲಿದ್ದಾರೆ.

ಇಂಥ ಅನ್ನವ್ವ ತನ್ನ ಕತ್ತರಿಯಿಂದ ಒಮ್ಮೆ ತನ್ನದೇ ಬೆರಳು ಕೊಯ್ದುಕೊಂಡಳು. ಇದು ಆ ಕಥೆ.

ಅವಳ ತವರು ಗದಗಿಗೆ ಅಂಟಿಕೊಂಡ ಬೆಟಗೇರಿ. ಮಗ್ಗದ ಸಪ್ಪಳಕ್ಕೆ ಕಣ್ಣು ಬಿಟ್ಟವಳು, ನೂಲಿನ ಲಡಿ ಸುತ್ತುತ್ತ ದೊಡ್ಡವಳಾದವಳು. ಅವ್ವ ಅಪ್ಪ ಇಬ್ಬರೂ ಹೋಗಿ ಬಹಳ ವರ್ಷವಾಯಿತು. ಉಳಿದವನು ಒಬ್ಬನೇ ತಮ್ಮ, ಬಾಬಣ್ಣ. ಓಣಿಯ ಅರ್ಧ ಜನ ಮಗ್ಗ ಬಿಟ್ಟು ಅಂಗಡಿ, ಆಟೋ ಎಂದು ಬೇರೆ ದಾರಿ ಹಿಡಿದರೂ ಅವನು ಮಾತ್ರ ಅಪ್ಪನ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಈಗಲೂ ಸೀರೆ ನೇಯುತ್ತಾನೆ. ಅನ್ನವ್ವನಿಗೆ ತವರು ಎಂದರೆ ಆ ಒಂದು ಮನೆ, ಆ ಒಬ್ಬ ತಮ್ಮ. ಬೇರೆ ಏನೂ ಇಲ್ಲ.

ನಮ್ಮ ಕಡೆ ನಾಗರ ಪಂಚಮಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವಳು, ಅವಳಿಗೆ ಮೊಮ್ಮಕ್ಕಳಾಗಿರಲಿ, ಪಂಚಮಿಗೆ ತವರಿಗೆ ಬರಬೇಕು. ಬರಬೇಕು ಎಂದರೆ ತಾನಾಗಿ ಬರುವುದಲ್ಲ. ಅಣ್ಣನೋ ತಮ್ಮನೋ ರೊಟ್ಟಿ, ಉಂಡಿಯ ಗಂಟು ಹಿಡಿದು ಅವಳ ಗಂಡನ ಮನೆಗೆ ಹೋಗಬೇಕು, ಕಾಲು ತೊಳೆದು ಜಮಖಾನದ ಮೇಲೆ ಕೂತು, ಹೆಣ್ಣುಮಗಳನ್ನು ಕಳಿಸಿಕೊಡಿ ಎಂದು ಬಾಯಿಬಿಟ್ಟು ಕೇಳಬೇಕು. ಇದಕ್ಕೆ ಕರೆಯಲು ಬರುವುದು ಎನ್ನುತ್ತಾರೆ. ಶ್ರಾವಣ ಹತ್ತಿರ ಬಂತೆಂದರೆ ಗಂಡನ ಮನೆಯಲ್ಲಿರುವ ಹೆಣ್ಣುಮಕ್ಕಳ ಕಿವಿ ಬಾಗಿಲ ಕಡೆಗೇ ಇರುತ್ತದೆ.

ಮದುವೆಯಾದ ಮೊದಲ ವರ್ಷ ಬಾಬಣ್ಣ ಕರೆಯಲು ಬಂದಾಗ ಅವನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಅಪ್ಪ ಕಲಿಸಿ ಕಳಿಸಿದ ಮಾತೆಲ್ಲ ಬಸ್ಸಿನಲ್ಲೇ ಮರೆತಿದ್ದ. ಅನ್ನವ್ವನ ಅತ್ತೆ ಬೇಕೆಂದೇ ಗಂಟುಮುಖ ಹಾಕಿ, "ಯಾಕ ಬಂದ್ಯೋ ತಮ್ಮಾ?" ಎಂದು ಕೇಳಿದರೆ, "ಅಕ್ಕನ್ನ ಒಯ್ಯಾಕ" ಎಂದುಬಿಟ್ಟ, ಹತ್ತಿಯ ಅಂಡಿಗೆ ಒಯ್ಯಲು ಬಂದವನ ಹಾಗೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಒಳಗೆ ಒಲೆಯ ಮುಂದೆ ಕೂತಿದ್ದ ಅನ್ನವ್ವ ಮಾತ್ರ ನಗಲಿಲ್ಲ. ನನಗೂ ಒಬ್ಬ ಇದ್ದಾನೆ, ನನ್ನನ್ನೂ ಒಯ್ಯಲು ಬರುತ್ತಾನೆ ಎಂದು ಅವಳ ಎದೆ ತುಂಬಿ ಬಂದಿತ್ತು.

ಆಮೇಲೆ ಒಂದು ವರ್ಷವೂ ತಪ್ಪಲಿಲ್ಲ. ಬಸ್ಸಿನಲ್ಲಿ ಬಾಬಣ್ಣ ಅಕ್ಕನನ್ನು ಕಿಟಕಿಯ ಕಡೆ ಕೂರಿಸುತ್ತಿದ್ದ. ಕಂಡಕ್ಟರಿಗೆ ಎರಡು ಬೆರಳು ತೋರಿಸಿ ದೊಡ್ಡ ಮನುಷ್ಯನ ಹಾಗೆ "ಗದಗ ಎರಡು" ಎನ್ನುತ್ತಿದ್ದ. ಯಳವತ್ತಿ ದಾಟುವವರೆಗೆ ಅತ್ತೆಯ ಮನೆಯ ಸುದ್ದಿ, ಮುಳಗುಂದ ದಾಟಿದ ಮೇಲೆ ಬೆಟಗೇರಿಯ ಸುದ್ದಿ. ಗದಗಿನಲ್ಲಿ ಇಳಿದರೆ ಗಿರ್ಮಿಟ್ಟು, ಬಿಸಿ ಬಿಸಿ ಮಿರ್ಚಿ. "ಯಾಕೋ ದುಡ್ಡು ಹಾಳ ಮಾಡ್ತಿ" ಎಂದು ಅನ್ನವ್ವ ಪ್ರತಿಸಲ ಬೈಯುತ್ತಿದ್ದಳು, ಬೈಯುತ್ತಲೇ ಎರಡನೇ ಮಿರ್ಚಿಗೆ ಕೈ ಹಾಕುತ್ತಿದ್ದಳು. ವರ್ಷದಲ್ಲಿ ಅವಳು ಲೆಕ್ಕ ಮರೆಯುತ್ತಿದ್ದ ದಿನ ಅದೊಂದೇ.

ಹೀಗಿರುವಾಗ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲ ಎಂದಾಯಿತು. ಅನ್ನವ್ವನಂಥವಳಿಗೆ ಇದಕ್ಕಿಂತ ದೊಡ್ಡ ಹಬ್ಬ ಯಾವುದು? ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಪ್ಪಸದಲ್ಲಿ ಇಟ್ಟುಕೊಂಡಳು. ಅಂದಿನಿಂದ ಮನೆಯ ತಿರುಗಾಟವೆಲ್ಲ ಅವಳದೇ. ಮುಂಡರಗಿಯಲ್ಲಿ ಮದುವೆ ಇದ್ದರೆ ಅವಳು, ಶಿರಹಟ್ಟಿಯಲ್ಲಿ ಯಾರೋ ತೀರಿಕೊಂಡರೆ ಮಣ್ಣಿಗೆ ಅವಳು. ಹೇಮಪ್ಪನಿಗೆ ಟಿಕೆಟ್ಟು ಉಂಟಾದ್ದರಿಂದ ಅವನು ಮನೆಯಲ್ಲಿ. "ನೀವು ಬಂದ್ರೂ ಅಷ್ಟ, ಬಿಟ್ರೂ ಅಷ್ಟ. ಹೋಗಿ ಬಂದ ಮುಖಾ ಒಂದಿದ್ರ ಸಾಕು" ಎಂದು ಅವನ ಬಾಯಿ ಮುಚ್ಚಿಸಿದಳು. ಹೇಮಪ್ಪನಿಗೂ ಇದು ಒಗ್ಗಿತು. ಮದುವೆ ಮನೆಯ ಊಟ ತಪ್ಪುವುದೊಂದೇ ಅವನ ಸಂಕಟ.

ಆ ವರ್ಷದ ಪಂಚಮಿಗೆ ಎಂಟು ದಿನ ಇರುವಾಗ ಅವಳೇ ತಮ್ಮನಿಗೆ ಫೋನು ಹಚ್ಚಿದಳು.

"ಬಾಬಣ್ಣ, ಈ ಸಲ ನೀ ಕರಿಯಾಕ ಬರಬ್ಯಾಡ."

"ಯಾಕಬೇ ಅಕ್ಕಾ? ಏನಾತು?"

"ಏನೂ ಆಗಿಲ್ಲ. ನನಗ ಟಿಕೆಟ್ ಇಲ್ಲ, ನಿನಗ ಐತಿ. ಬರಾಕೊಂದು, ಹೋಗಾಕೊಂದು, ಮ್ಯಾಲ ಒಂದ ದಿನದ ನೇಕಾರಿಕಿ ಹಾಳ. ನಾ ದಾರಿ ಮರತ ಹೋಗೂ ಸಣ್ಣ ಹುಡುಗಿ ಏನು? ಬಸ್ಸು ಹತ್ತಿ ಬರ್ತೀನಿ ತಗೋ."

"ಹಂಗ ಹೆಂಗ ಅಕ್ಕಾ? ನಾ ಬರದ ನೀ ಒಬ್ಬಾಕೀನ ಬಂದ್ರ ಮಂದಿ ಏನಂದಾರು?"

"ಮಂದಿ ನಿನ್ನ ಟಿಕೆಟ್ಟು ಕೊಡ್ತಾರೇನು? ಸುಮ್ನ ಹೇಳಿದಷ್ಟ ಕೇಳು!"

ಬಾಬಣ್ಣ ಇನ್ನೂ ಎರಡು ಸಲ ಫೋನು ಮಾಡಿ ಇದೇ ಮಾತು ತೆಗೆದ. ಎರಡು ಸಲವೂ ಬೈಸಿಕೊಂಡ. ಕೊನೆಗೆ "ಆತು ಬಿಡು, ನೀ ಹೇಳಿದಂಗ" ಎಂದು ಇಟ್ಟ. ಅನ್ನವ್ವ ಗೆದ್ದಳು. ನನ್ನ ಕೇಳಿದರೆ, ಅವಳು ಸೋಲಬೇಕಾಗಿದ್ದ ಜಗಳ ಅದೊಂದೇ.

ಹಾಗೆ ಒಬ್ಬಳೇ ಹೋದ ಮೊದಲ ವರ್ಷ ಅಷ್ಟಾಗಿ ಏನೂ ತಿಳಿಯಲಿಲ್ಲ. ಬಸ್ಸಿನ ತುಂಬ ಹೆಂಗಸರು, ನಿಲ್ಲಲು ಜಾಗವಿಲ್ಲ. ಮುಳಗುಂದದವರೆಗೆ ಕಂಬಿ ಹಿಡಿದು ನಿಂತೇ ಬಂದಳು. ಬೆಟಗೇರಿಯ ಮನೆಯ ಹೊಸ್ತಿಲು ತುಳಿದಾಗ ತಮ್ಮನ ಹೆಂಡತಿ ರಂಜನಾ ಹಬ್ಬದ ಅಳ್ಳಿಟ್ಟಿನ ಹಿಟ್ಟು ಮೆತ್ತಿದ ಕೈ ಎತ್ತಿ, "ಅಯ್ಯ, ಬಂದ್ರ್ಯಾ ಅಕ್ಕಾರ? ಯಾವ ಬಸ್ಸಿಗೆ ಬಂದ್ರಿ?" ಅಂದಳು. ಒಳ್ಳೆಯ ಹೆಣ್ಣುಮಗಳು ರಂಜನಾ, ಪ್ರೀತಿಯಿಂದಲೇ ಅಂದಳು. ಆದರೂ ಅನ್ನವ್ವನಿಗೆ ಒಳಗೆ ಎಲ್ಲೋ ಚುರುಕ್ಕೆಂದಿತು. ಹಿಂದೆಲ್ಲ ಅವಳು ಬರುವ ಹೊತ್ತು ಮನೆಗೆ ಗೊತ್ತಿರುತ್ತಿತ್ತು. ಕರೆತರಲು ಹೋದವನ ದಾರಿ ಕಾಯುತ್ತ ಮನೆಮಂದಿ ಬಾಗಿಲಲ್ಲಿರುತ್ತಿತ್ತು. ಈಗ ಪಾತ್ರೆ ಮಾರುವವಳು ಬಂದ ಹಾಗೆ ಬಂದಿದ್ದಳು.

ಎರಡನೇ ವರ್ಷ ಬಾಬಣ್ಣ ಕರೆಯಲು ಬರಲೇ ಎಂದು ಕೇಳಲಿಲ್ಲ. "ಎಷ್ಟ ಗಂಟೆ ಬಸ್ಸಿಗೆ ಬರ್ತಿ ಅಕ್ಕಾ?" ಎಂದಷ್ಟೇ ಕೇಳಿದ. ಅವಳು ಹೇಳಿದಳು. ಹೋದಳು, ಉಂಡಳು, ಜೋಕಾಲಿ ಆಡುವವರನ್ನು ನೋಡಿದಳು, ಬಂದಳು. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕವೇ ಜಾಗ ಸಿಕ್ಕಿತ್ತು. ಹೊರಗೆ ಹೆಸರುಕಾಳಿನ ಹೊಲ ಹಸಿರಾಗಿ ಹರಡಿತ್ತು. ಪಕ್ಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು ಸಂತೆಯ ಚೀಲ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಅವತ್ತು ಅನ್ನವ್ವನಿಗೆ ತಾನು ಏನನ್ನು ಉಳಿಸಿದೆ, ಏನನ್ನು ಕಳೆದೆ ಎಂಬುದು ನಿಚ್ಚಳವಾಗಿ ಹೊಳೆಯಿತು. ಬಾಬಣ್ಣ ಲಕ್ಷ್ಮೇಶ್ವರಕ್ಕೆ ಬರಲು ಇದ್ದದ್ದು ಆ ಒಂದೇ ನೆವ. ಆ ನೆವ ಹೋಯಿತು, ತಮ್ಮ ಬರುವುದೂ ನಿಂತಿತು. ಈ ನಡುವೆ ಎದ್ದ ಅವಳ ಮನೆಯ ಹಿಂದಿನ ಖೋಲಿಯನ್ನು ಅವನು ಇನ್ನೂ ನೋಡಿಯೇ ಇರಲಿಲ್ಲ.

ಆದರೆ ಹೇಳುವುದು ಹೇಗೆ? ಬೇಡ ಎಂದವಳು ತಾನೇ. ಈಗ ಬಾ ಎಂದರೆ ತಮ್ಮ ಬಂದೇ ಬರುತ್ತಾನೆ, ಮರುಮಾತಾಡುವವನಲ್ಲ. ಆದರೆ ಹೇಳಿ ಕರೆಸಿಕೊಂಡ ಕರೆಗೆ ಏನು ಬೆಲೆ? ಅವನಾಗಿ ನೆನೆದು, ಅವನಾಗಿ ಎದ್ದು ಬರಬೇಕು. ಅನ್ನವ್ವ ಈ ಆಸೆಯನ್ನು ಯಾರಿಗೂ ಹೇಳಲಿಲ್ಲ. ವರ್ಷವಿಡೀ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದಳು.

ಮೂರನೇ ವರ್ಷದ ಶ್ರಾವಣ ಬಂತು. ಅನ್ನವ್ವ ಈ ಸಲ ವಾರ ಮೊದಲೇ ಶೇಂಗಾ ಹುರಿದಳು, ಎಳ್ಳು ಹುರಿದಳು, ಉಂಡಿ ಕಟ್ಟಿ ಡಬ್ಬಿ ತುಂಬಿದಳು. ಜಮಖಾನ ಝಾಡಿಸಿ ಬಿಸಿಲಿಗೆ ಹಾಕಿದಳು. ಬಂದವನಿಗೆ ಕಾಲು ತೊಳೆಯಲು ತಾಮ್ರದ ತಂಬಿಗೆ ಬೆಳಗಿಟ್ಟಳು. ಹೇಮಪ್ಪ ಇದನ್ನೆಲ್ಲ ನೋಡಿಯೂ ನೋಡದವನ ಹಾಗಿದ್ದ. ಕೊನೆಗೆ ತಡೆಯಲಾರದೆ ಕೇಳಿದ.

"ಯಾರ ಬರ್ತಾರ?"

"ಯಾರ ಬರ್ತಾರ? ಯಾರೂ ಇಲ್ಲ. ಹಬ್ಬ ಐತಿ, ಮನಿ ಸ್ವಚ್ಛ ಮಾಡಬಾರದೇನು?"

"ಬಾಬಣ್ಣಗ ಒಂದ ಫೋನ ಮಾಡಿ ಬಾ ಅನ್ನು. ಅಷ್ಟಕ್ಕ ಯಾಕ ಇಷ್ಟ ಒದ್ದಾಡ್ತಿ?"

"ನಾ ಯಾಕ ಒದ್ದಾಡಲಿ? ನಿಮಗ ಮಾಡಾಕ ಕೆಲಸ ಇಲ್ಲೇನು?" ಎಂದು ಸಿಡುಕಿ ಒಳಗೆ ಹೋದಳು. ಹೇಮಪ್ಪ ಮೂವತ್ತು ವರ್ಷದ ಸಂಸಾರ ಮಾಡಿದವನು. ಹೆಂಡತಿ ಹೀಗೆ ಸಿಡುಕಿದರೆ ಅಳು ಬಂದಿದೆ ಎಂದು ಅವನಿಗೆ ಗೊತ್ತು. ಥರ್ಮಾಸು ತೆಗೆದುಕೊಂಡು ಅಂಗಡಿಗೆ ಹೊರಟ.

ಎದುರು ಮನೆಯ ಸಿದ್ದಲಿಂಗವ್ವನ ತವರು ಅಡರಕಟ್ಟಿ. ಕೂಗಿದರೆ ಕೇಳಿಸುವಷ್ಟು ಹತ್ತಿರ ಎಂದು ಓಣಿಯವರು ತಮಾಷೆ ಮಾಡುತ್ತಾರೆ. ಆದರೂ ಅವಳ ಅಣ್ಣ ತಿರಕಪ್ಪ ಪ್ರತಿವರ್ಷ ಮೋಟಾರ್ ಸೈಕಲ್ ಮೇಲೆ ಬಂದು, ಕಟ್ಟೆಯ ಮೇಲೆ ಕೂತು ಮೀಸೆ ತಿರುವುತ್ತಾನೆ. ಈ ಸಲವೂ ಹಬ್ಬದ ಹಿಂದಿನ ದಿನ ಬಂದ. ಸಿದ್ದಲಿಂಗವ್ವನಿಗೆ ಕಾಲು ನೆಲದ ಮೇಲಿರಲಿಲ್ಲ. ಐವತ್ತು ದಾಟಿದ ಹೆಂಗಸು ಹುಡುಗಿಯ ಹಾಗೆ ಗಾಡಿಯ ಹಿಂದೆ ಕೂತು, ಸೆರಗು ಸಾವರಿಸಿಕೊಂಡು, "ಅನ್ನವ್ವಾ, ನಮ್ಮಣ್ಣ ಬಂದಾನವಾ, ಹೋಗಿ ಬರ್ತೀನಿ. ನಿನ್ನ ತಮ್ಮ ಇನ್ನೂ ಬಂದಿಲ್ಲೇನ?" ಎಂದಳು. ಅವಳಿಗೆ ಚುಚ್ಚುವ ಮನಸ್ಸಿರಲಿಲ್ಲ, ಖುಷಿಯಲ್ಲಿ ಬಾಯಿಗೆ ಬಂದದ್ದು ಅಂದಳು. ಅನ್ನವ್ವ "ಬರ್ತಾನ, ಬರ್ತಾನ" ಎಂದು ಕೈಬೀಸಿ ಒಳಗೆ ಬಂದು ಬಾಗಿಲು ಹಾಕಿಕೊಂಡಳು.

ಆಗಲೇ ಫೋನು ಬಂತು. ತಮ್ಮನದು.

"ಅಕ್ಕಾ, ಎಷ್ಟ ಗಂಟೆ ಬಸ್ಸಿಗೆ ಬರ್ತಿ?"

ಅನ್ನವ್ವ ಬೆಳಗಿಟ್ಟ ತಂಬಿಗೆಯ ಕಡೆ ನೋಡಿದಳು. ಆಮೇಲೆ, "ಈ ಸಲ ಬರಾಕ ಆಗೂದಿಲ್ಲೋ. ಮೊಣಕಾಲ ಭಾಳ ನೋಯಾಕ ಹತ್ಯಾವು" ಎಂದಳು. ಸುಳ್ಳು. ಅವಳ ಮೊಣಕಾಲು ಗಟ್ಟಿಮುಟ್ಟಾಗಿದ್ದವು. ಅಕ್ಕನಿಗೆ ಮೊಣಕಾಲು ನೋವು ಎಂದರೆ ತಮ್ಮ ಓಡಿ ಬಂದಾನು ಎಂಬ ಆಸೆ ಆ ಸುಳ್ಳಿನಲ್ಲಿತ್ತು.

"ಹೌದಾ? ಹಂಗಾರ ಆ ನೂಕ್ಯಾಟದಾಗ ಬಸ್ಸು ಹತ್ತಬ್ಯಾಡಬೇ. ಆರಾಮ ತಗೋ. ಮುಂದ ಎಂದರ ಬರಾಕಂತಿ" ಎಂದ ಬಾಬಣ್ಣ. ಕಾಳಜಿಯಿಂದಲೇ ಅಂದ. ಫೋನು ಇಟ್ಟ.

ಅನ್ನವ್ವ ಗೋಡೆಗೆ ಒರಗಿ ಕೂತಳು. ಅವ್ವ ಸತ್ತಾಗ ಅತ್ತಿದ್ದಳು, ಅಪ್ಪ ಹೋದಾಗ ಅತ್ತಿದ್ದಳು. ಆಗೆಲ್ಲ ಜೊತೆಗೆ ಅಳಲು ತಮ್ಮ ಇದ್ದ. ಈಗ ತವರೇ ಹೋಯಿತು ಅನ್ನಿಸಿದಾಗ ಅವಳು ಒಬ್ಬಳೇ. ಹೋಗಲಿ, ಹೋದರೆ ಹೋಗಲಿ ಎಂದು ಎದ್ದಳು. ರೊಟ್ಟಿಗೆ ಹಿಟ್ಟು ನಾದಿದಳು. ಹಿಟ್ಟಿನ ಮೇಲೆ ಕಣ್ಣೀರು ಬಿದ್ದಿತು. ಒರೆಸಿಕೊಂಡು ಮತ್ತೆ ನಾದಿದಳು. ಅರ್ಧ ನಾದಿದವಳು ಕೈ ತೊಳೆದುಕೊಂಡುಬಿಟ್ಟಳು.

ಮಧ್ಯಾಹ್ನದ ಊಟಕ್ಕೆಂದು ಜಲ್ದಿ ಬಂದ ಹೇಮಪ್ಪ ನೋಡುತ್ತಾನೆ, ಹೆಂಡತಿ ಹೊರಗಿನ ಸೀರೆ ಉಟ್ಟು ಚಪ್ಪಲಿ ಮೆಟ್ಟುತ್ತಿದ್ದಾಳೆ.

"ಎಲ್ಲಿಗೆ?"

"ಬೆಟಗೇರಿಗೆ."

"ಕರಿಯಾಕ ಬರದ ಹೋಗೂದಿಲ್ಲ ಅಂತ ಕುಂತಿದ್ದೆಲ್ಲ?"

"ನಾ ಹಬ್ಬಕ್ಕ ಹೊಂಟಿಲ್ರಿ. ಜಗಳಕ್ಕ ಹೊಂಟೀನಿ. ಜಗಳಾಡಾಕ ಯಾರೂ ಕರಿಯಾಕ ಬರಬೇಕಾಗಿಲ್ಲ."

ಹೇಮಪ್ಪ ನಗು ನುಂಗಿಕೊಂಡು, "ಹುಷಾರಿ" ಎಂದಷ್ಟೇ ಹೇಳಿದ.

ಬೆಟಗೇರಿಯ ಓಣಿಗೆ ಬಂದಾಗ ತಮ್ಮನ ಮಗ್ಗದ ಸಪ್ಪಳ ದೂರದಿಂದಲೇ ಕೇಳಿಸಿತು. ಹಬ್ಬದ ಮುಂದೆಯೂ ನೇಯುತ್ತಿದ್ದಾನೆ, ಯಾವುದೋ ಸೀರೆ ಮುಗಿಸಿಕೊಡುವ ಅವಸರ ಇರಬೇಕು. ಆ ಸಪ್ಪಳ ಕೇಳಿದ್ದೇ ಅನ್ನವ್ವನ ಅರ್ಧ ಸಿಟ್ಟು ಇಳಿಯಿತು. ಅದು ಅಪ್ಪನ ಕೈಯ ಲಯ. ಆದರೆ ಉಳಿದರ್ಧ ಸಿಟ್ಟು ಅವಳನ್ನು ಹೊಸ್ತಿಲ ಹೊರಗೇ ನಿಲ್ಲಿಸಿತು. ರಂಜನಾ ಹೊರಬಂದು, "ಅಯ್ಯ ಅಕ್ಕಾರ! ಕಾಲ ನೋವು ಅಂದಿದ್ರೆಲ್ಲಾ? ಬರ್ರಿ ಒಳಗ, ಬಿಸಲಾಗ ಯಾಕ ನಿಂತೀರಿ?" ಎಂದು ಕೈ ಹಿಡಿದಳು.

"ಇಲ್ಲವಾ, ನಾ ಒಳಗ ಬರಂಗಿಲ್ಲ. ನಿನ್ನ ಗಂಡನ್ನ ಹೊರಗ ಕರಿ."

ಮಗ್ಗ ನಿಂತಿತು. ಬಾಬಣ್ಣ ಕುಣಿಯಿಂದ ಎದ್ದು, ಬನಿಯನ್ನಿನಲ್ಲೇ, ದವಡೆಯಲ್ಲಿ ತಂಬಾಕು ಒತ್ತಿಕೊಂಡು ಹೊರಗೆ ಬಂದ. ತಲೆ ನರೆತಿತ್ತು. ಅಕ್ಕನ ಮುಖ ನೋಡಿ ಗಾಬರಿಯಾದ.

"ಏನಾತು ಅಕ್ಕಾ? ಮಾವಾರು ಆರಾಮ ಅದಾರಿಲ್ಲ?"

"ಅವರು ಆರಾಮ ಅದಾರ. ನಿನಗ ಅಕ್ಕ ಅದಾಳೋ ಇಲ್ಲೋ ಕೇಳಾಕ ಬಂದೀನಿ. ಯಾಕೋ ಕರಿಯಾಕ ಬರಲಿಲ್ಲ?"

ಬಾಬಣ್ಣ ತಬ್ಬಿಬ್ಬಾದ. "ನೀನ ಬ್ಯಾಡ ಅಂದಿದ್ದಿ ಅಕ್ಕಾ. ದುಡ್ಡು ಹಾಳು ಅಂತ ಬೈದಿ. ನಾ ಬರ್ತೀನಿ ಅಂತ ಎಷ್ಟ ಸಲ ಅಂದೆ."

"ಹೌದೋ, ನಾನ ಅಂದೆ. ತಂಬಾಕ ಬಿಡು ಅಂತ ಇಪ್ಪತ್ತು ವರ್ಷದಿಂದ ಅನ್ನಾಕ ಹತ್ತೀನಿ, ಬಿಟ್ಟಿಯೇನು? ಹೋಟೆಲ್ ಚಹಾ ಕಡಿಮಿ ಮಾಡು ಅಂದೆ, ಮಾಡಿದಿಯೇನು? ಹಂಗಾಮಿನಾಗ ಬ್ಯಾಳಿ ತಗೊಂಡ ಇಡು ಅಂದೆ, ಇಟ್ಟಿಯೇನು? ನಾ ಹೇಳಿದ್ದು ಒಂದನ್ನೂ ಕೇಳದಾಂವ, ಇದೊಂದ ಯಾಕೋ ಕೇಳಿದಿ?"

ಅಕ್ಕಪಕ್ಕದ ಮನೆಯವರು ಇಣುಕಿದರು. ಅನ್ನವ್ವನಿಗೆ ಅವರ ಪರಿವೆ ಇರಲಿಲ್ಲ. ಹರಿಯಲು ಶುರುವಾದ ಕಣ್ಣೀರನ್ನು ಸೆರಗಿನಿಂದ ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ.

"ಸಿದ್ದಲಿಂಗವ್ವನ ಅಣ್ಣ ಅಡರಕಟ್ಟಿಯಿಂದ ಬರ್ತಾನೋ. ನನಗೂ ಒಬ್ಬಾಂವ ಅದಾನ ಅಂತ ಹೇಳಿ ಬಾಗಲಾ ಹಾಕ್ಕೊಂಡ ಕುಂತೆ ನಾನು. ಅವ್ವಿಲ್ಲ, ಅಪ್ಪಿಲ್ಲ. ನೀನೂ ಬರೂದಿಲ್ಲ ಅಂದ್ರ ನನ್ನ ಬಾಗಲಾ ಯಾರೋ ಬಡೀಬೇಕು?"

ಬಾಬಣ್ಣ ತಲೆ ತಗ್ಗಿಸಿ ನಿಂತ. ಬಾಯಲ್ಲಿದ್ದ ತಂಬಾಕನ್ನು ಓಣಿಯ ಬದಿಗೆ ಉಗುಳಿದ.

"ನನಗೇನ ಬರೂ ಮನಸ್ಸಿರಲಿಲ್ಲ ಅಂತ ತಿಳದಿಯೇನು ಅಕ್ಕಾ? ಎರಡ ಪಂಚಮಿ ಆತು, ಹಬ್ಬಾ ಹಬ್ಬದಂಗ ಅನಸವಲ್ದು. ನಿನ್ನ ಕೂಡ ಬಸ್ಸಿನಾಗ ಬರೂದ ನನ್ನ ಹಬ್ಬ ಇತ್ತು. ನಿನಗ ಬ್ಯಾಡಾತು ಅಂತ ಸುಮ್ನಾದೆ."

ಇಬ್ಬರೂ ಒಬ್ಬರಿಗೊಬ್ಬರು ಇಷ್ಟು ದಿನ ಹೇಳದೆ ಇಟ್ಟುಕೊಂಡದ್ದು ಇದೇ. ಇಂಥ ಮಾತಿಗೆ ಖರ್ಚೇನೂ ಇಲ್ಲ, ಆದರೂ ನಮ್ಮ ಜನ ಅದನ್ನೇ ಹೆಚ್ಚು ಹಿಡಿದು ಹಿಡಿದು ಬಳಸುತ್ತಾರೆ. ನನಗೆ ಇದನ್ನು ಬರೆಯುವಾಗಲೂ ಇಬ್ಬರ ಮೇಲೂ ಸಿಟ್ಟು ಬರುತ್ತಿದೆ.

ರಂಜನಾ ಕಣ್ಣೊರೆಸಿಕೊಂಡು, "ಆತಲ್ಲರಿ ಅಕ್ಕಾರ, ಈಗರ ಒಳಗ ಬರ್ರಿ" ಎಂದಳು. ಅನ್ನವ್ವ ಹೊಸ್ತಿಲಿಗೆ ಕಾಲು ಎತ್ತಿದಳು. ಬಾಬಣ್ಣ ಅಡ್ಡ ಕೈ ಚಾಚಿದ.

"ತಡಿ. ಹಂಗ ಬರಬ್ಯಾಡ."

ಒಳಗೆ ಹೋದವನು ಅಂಗಿ ತೊಟ್ಟು, ತಲೆ ಬಾಚಿಕೊಂಡು ಬಂದ. ಹೆಂಡತಿಗೆ ಹೇಳಿ ಕಡಕ್ ರೊಟ್ಟಿ, ಉಂಡಿ ಕಟ್ಟಿಸಿಕೊಂಡ. ಚಪ್ಪಲಿ ಮೆಟ್ಟಿ, "ನಡಿ" ಅಂದ.

"ಎಲ್ಲಿಗೋ?"

"ಲಕ್ಷ್ಮೇಶ್ವರಕ್ಕ. ನಿನ್ನ ಕರಿಯಾಕ."

"ನಾ ಇಲ್ಲೇ ಬಂದೀನಲ್ಲೋ!"

"ನೀ ಜಗಳಕ್ಕ ಬಂದಾಕಿ. ಹಬ್ಬಕ್ಕ ಕರಕೊಂಡ ಬರ್ತೀನಿ ನಡಿ."

ಅನ್ನವ್ವನ ತಲೆಯಲ್ಲಿ ಲೆಕ್ಕ ಓಡಿತು. ತಮ್ಮನ ಹೋಗುವ ಟಿಕೆಟ್ಟು, ಬರುವ ಟಿಕೆಟ್ಟು, ಮಗ್ಗದ ಮೇಲೆ ನಿಂತ ಸೀರೆ, ಹಾಳಾದ ಅರ್ಧ ದಿನ. ಬೆಟಗೇರಿಯಲ್ಲಿ ನಿಂತವಳನ್ನು ಬೆಟಗೇರಿಗೆ ಕರೆತರಲು ಲಕ್ಷ್ಮೇಶ್ವರಕ್ಕೆ ಹೋಗಿ ಬರುವುದು! ಇಂಥ ದಂಡ ಖರ್ಚನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬೈಯಲು ಬಾಯಿ ತೆರೆದಳು. ತೆರೆದ ಬಾಯಿಯನ್ನು ಹಾಗೇ ಮುಚ್ಚಿ, ತಮ್ಮನ ಬೆನ್ನಿಗೆ ನಡೆದಳು.

ಬಸ್ಸಿನಲ್ಲಿ ಗದ್ದಲವಿತ್ತು. ಬಾಬಣ್ಣ ಹೇಗೋ ನುಗ್ಗಿ ಒಂದು ಸೀಟು ಹಿಡಿದು ಅಕ್ಕನನ್ನು ಕೂರಿಸಿ, ತಾನು ಗಂಟು ಹಿಡಿದು ಪಕ್ಕದಲ್ಲಿ ನಿಂತ. ಕಂಡಕ್ಟರು ಅವಳ ಆಧಾರ್ ನೋಡಿ ದುಡ್ಡಿಲ್ಲದ ಚೀಟಿ ಹರಿದುಕೊಟ್ಟ. ಬಾಬಣ್ಣ ನೋಟು ಕೊಟ್ಟು ತನ್ನ ಟಿಕೆಟ್ಟು ತೆಗೆದುಕೊಂಡ. ಅನ್ನವ್ವ ಆ ಟಿಕೆಟ್ಟನ್ನು ಕೇಳಿ ಇಸಿದುಕೊಂಡು, ದಾರಿಯುದ್ದಕ್ಕೂ ಮುಷ್ಟಿಯಲ್ಲಿ ಹಿಡಿದಿದ್ದಳು. ಸುದ್ದಿ ಹೇಳಲು ಬಹಳ ಇತ್ತು. ಅದನ್ನೆಲ್ಲ ಇಬ್ಬರೂ ತಿರುಗಿ ಬರುವ ದಾರಿಗೆ ಎತ್ತಿಟ್ಟರು. ತಮ್ಮ ಬಸ್ಸಿನ ಕುಲುಕಾಟಕ್ಕೆ ಅವಳ ಹೆಗಲ ಮೇಲೆ ಕೈ ಊರಿದಾಗಲೆಲ್ಲ ಅವಳಿಗೆ ಅವ್ವ ನೆನಪಾದಳು.

ಸಂಜೆಗೆ ಮನೆ ಬಂತು. ಅನ್ನವ್ವ ತಮ್ಮನನ್ನು ಹಿಂದೆ ಬಿಟ್ಟು ಸರಸರನೆ ಹಿತ್ತಲ ಬಾಗಿಲಿನಿಂದ ಒಳಗೆ ಹೋದಳು. ಬಾಬಣ್ಣ ಮುಂಬಾಗಿಲಿಗೆ ಹೋಗಿ ಚಿಲಕ ಬಡಿದ. ಹೇಮಪ್ಪ ಬಾಗಿಲು ತೆಗೆದು, ಒಳಗೆ ಹೊಕ್ಕ ಹೆಂಡತಿಯನ್ನೂ ಹೊರಗೆ ನಿಂತ ಭಾಮೈದನನ್ನೂ ನೋಡಿ, ಏನು ಎತ್ತ ಎಂದು ಕೇಳದೆ ತಾಮ್ರದ ತಂಬಿಗೆಯಲ್ಲಿ ನೀರು ತಂದಿಟ್ಟ. ಬಾಬಣ್ಣ ಕಾಲು ತೊಳೆದು, ಜಮಖಾನದ ಮೇಲೆ ಕೂತು, ಗಂಟನ್ನು ಮುಂದಿಟ್ಟ. ಹೊಸ ಸ್ಲ್ಯಾಬನ್ನು ಒಮ್ಮೆ ತಲೆ ಎತ್ತಿ ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, ಒಳಗಿನವರಿಗೂ ಕೇಳುವ ಹಾಗೆ ಗಟ್ಟಿಯಾಗಿ ಅಂದ:

"ಮಾವಾರ, ಪಂಚಮಿ ಬಂತು. ನಮ್ಮ ಅಕ್ಕನ್ನ ತವರಮನಿಗೆ ಕಳಸಿ ಕೊಡ್ರಿ."

ಹಿಂದಿನ ಖೋಲಿಯಲ್ಲಿ ಅನ್ನವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಇಷ್ಟೇ ಮಾತು. ಇದೊಂದು ಮಾತನ್ನು ಕೇಳಲು ಅವಳು ಎಷ್ಟು ಒಣಗಿಹೋಗಿದ್ದಳು ಎಂಬುದು ಅವಳಿಗೂ ಈಗಲೇ ಗೊತ್ತಾದದ್ದು.

"ನಂದೇನ ಐತಿ ಮಾರಾಯಾ, ಕರಕೊಂಡ ಹೋಗು" ಎಂದ ಹೇಮಪ್ಪ. ಒಳಗೆ ತಿರುಗಿ ಕೂಗಿದ: "ಏ, ಕೇಳ್ತೇನು? ನಿನ್ನ ತಮ್ಮ ಕರಿಯಾಕ ಬಂದಾನ!"

"ಕೇಳೇತ್ರಿ" ಎಂದಳು ಅನ್ನವ್ವ, ದನಿ ಒಡೆಯದ ಹಾಗೆ ನೋಡಿಕೊಂಡು. ಟ್ರಂಕು ತೆಗೆದು ಒಂದು ಸೀರೆ ಮಡಚಿದಳು. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದಳು.

ಸ್ವಲ್ಪ ಹೊತ್ತಿನ ಮೇಲೆ ಬಾಬಣ್ಣ ಕೂಗಿದ. "ಅಕ್ಕಾ, ಜಲ್ದಿ ಮಾಡಬೇ. ಗದಗಿನ ಬಸ್ಸು ಹೋಗ್ತೈತಿ."

"ಹೋಗಲಿ ಬಿಡು. ಇನ್ನೊಂದು ಬರ್ತೈತಿ" ಎಂದಳು ಅನ್ನವ್ವ, ಮೂರನೆಯ ಸಲ ಸೀರೆ ಬಿಚ್ಚುತ್ತ. "ಕರಿಯಾಕ ಬಂದಾಂವ ಒಂದೀಟ ಕುಂಡ್ರು."